ಪಾರ್ಸೆಲ್‌ನಲ್ಲಿ ಡ್ರಗ್ಸ್ ಇದೆ ಅಂತ ಗೊತ್ತಿದ್ದೂ ಮುಂದಕ್ಕೆ ಬಿಡುವುದೇಕೆ?

ಪ್ರಶ್ನೆ | ಕಾನೂನು ವಿದ್ಯಾರ್ಥಿ
ನೆದರ್ಲೆಂಡ್ಸ್‌ನಿಂದ ಬೆಂಗಳೂರಿಗೆ ಹೊರಟ ಪಾರ್ಸೆಲ್‌ನಲ್ಲಿ ಎಂಡಿಎಂಎ ಎಂಬ ಮಾದಕವಸ್ತು ಇರುವುದು ಅಲ್ಲಿನ ಕಸ್ಟಮ್ಸ್‌ಗೆ ಗೊತ್ತಾಯಿತು ಎಂದಿಟ್ಟುಕೊಳ್ಳಿ. ಅಲ್ಲೇ ಹಿಡಿಯದೆ ಇಲ್ಲಿಯವರೆಗೆ ಬರಲು ಬಿಡಬಹುದಂತೆ. ಯಾರ ಅನುಮತಿ ಬೇಕು? ಇಂಥ ಕೇಸು ಎಲ್ಲಿ ಕೆಡುತ್ತದೆ?

ಉತ್ತರ | ಎನ್‌ಡಿಪಿಎಸ್ ವಕೀಲ
ಅಲ್ಲೇ ಹಿಡಿದರೆ ಮಾಲು ಸಿಗುತ್ತದೆ, ತರಿಸಿದವನು ಪಾರಾಗುತ್ತಾನೆ. ಅದಕ್ಕೇ ಕಂಟ್ರೋಲ್ಡ್ ಡೆಲಿವರಿ, ಅಂದರೆ ಪಾರ್ಸೆಲ್ ಮೇಲೆ ಕಣ್ಣಿಟ್ಟೇ ಅದನ್ನು ಮುಂದಕ್ಕೆ ಬಿಡುವುದು. ಮಾದಕವಸ್ತು ಸಾಗಣೆ ತಡೆಯುವ 1988ರ ವಿಶ್ವಸಂಸ್ಥೆ ಒಪ್ಪಂದದ 11ನೇ ವಿಧಿ ಇದಕ್ಕೆ ಆಧಾರ. ನಮ್ಮಲ್ಲಿ ಎನ್‌ಡಿಪಿಎಸ್ ಕಾಯ್ದೆಯ (ಮಾದಕವಸ್ತು ತಡೆ ಕಾಯ್ದೆ) ಕಲಂ 50ಎ. ಅಧಿಕಾರ ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಎನ್‌ಸಿಬಿಯ ಮಹಾನಿರ್ದೇಶಕರದ್ದು ಅಥವಾ ಅವರು ಅಧಿಕಾರ ಕೊಟ್ಟವರದ್ದು. ಠಾಣೆಯ ಇನ್‌ಸ್ಪೆಕ್ಟರ್ ತನ್ನಷ್ಟಕ್ಕೆ ತಾನೇ ಮಾಡುವಂತಿಲ್ಲ. ದೇಶಗಳ ಒಪ್ಪಿಗೆಯೂ ಕೇಸಿನಿಂದ ಕೇಸಿಗೆ ಬೇರೆಯಾಗಿಯೇ ಬೇಕು. ಪಾರ್ಸೆಲ್ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವುದಿದ್ದರೆ ಜರ್ಮನಿಗೂ ತಿಳಿಸಿರಬೇಕು. ಇಲ್ಲವಾದರೆ ಅಲ್ಲಿನ ಕಸ್ಟಮ್ಸ್ ತನ್ನ ಕರ್ತವ್ಯದಂತೆ ಹಿಡಿಯುತ್ತದೆ, ಕಾರ್ಯಾಚರಣೆ ಅಲ್ಲಿಗೇ ಮುಗಿಯುತ್ತದೆ.

ಉತ್ತರ | ತನಿಖೆ ಬಲ್ಲವರು
ಮಾಲು ಕೈತಪ್ಪುವ ಅಪಾಯವಿದ್ದರೆ ಅದನ್ನು ತೆಗೆದು ಅಷ್ಟೇ ತೂಕದ ನಿರುಪದ್ರವಿ ಪುಡಿ ತುಂಬಬಹುದು. 11ನೇ ವಿಧಿಯಲ್ಲೇ ಆ ಅವಕಾಶವಿದೆ. ಆದರೆ ಪೂರ್ತಿ ತೆಗೆದರೆ "ನನ್ನ ಕಕ್ಷಿದಾರನ ಹತ್ತಿರ ಡ್ರಗ್ಸ್ ಸಿಕ್ಕೇ ಇಲ್ಲ" ಎಂಬ ವಾದ ಬರುತ್ತದೆ. ಆಗ ಪ್ರಯತ್ನದ ಕಲಂ 28, ಒಳಸಂಚಿನ ಕಲಂ 29 ಇವೇ ಗತಿ. ಹಾಗಾಗಿ ಸ್ವಲ್ಪ ಒಳಗೇ ಉಳಿಸುವುದು ಮೇಲು ಎಂಬುದು ನನ್ನ ನಿಲುವು. ತೆರೆದಾಗಿನ ತೂಕ, ಫೋಟೊ, ಹಳೆಯ ಮತ್ತು ಹೊಸ ಸೀಲಿನ ಸಂಖ್ಯೆ, ಯಾರು ಯಾರಿಗೆ ಎಷ್ಟು ಗಂಟೆಗೆ ಕೊಟ್ಟರು, ಎಲ್ಲ ದಾಖಲಾಗಬೇಕು. ಈ ಸರಪಳಿ ಒಂದು ಕಡೆ ತುಂಡಾದರೂ ಆರೋಪಿಯ ವಕೀಲರು ಅಲ್ಲೇ ಕೈಹಾಕುತ್ತಾರೆ. ತಡವೂ ಆಗಬಾರದು. ಟ್ರ್ಯಾಕಿಂಗ್‌ನಲ್ಲಿ ಪಾರ್ಸೆಲ್ ದಿನಗಟ್ಟಲೆ ನಿಂತಲ್ಲೇ ನಿಂತರೆ ತರಿಸಿದವನು ಬರುವುದೇ ಇಲ್ಲ.

ಉತ್ತರ | ಎನ್‌ಡಿಪಿಎಸ್ ವಕೀಲ
ಇನ್ನೊಂದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು: ಇಂಟರ್‌ಪೋಲ್ ಮೂಲಕ, ಅಂದರೆ ನಮ್ಮಲ್ಲಿ ಸಿಬಿಐ ಮೂಲಕ, ಬಂದ ಮಾಹಿತಿ ಬರೀ ಸುಳಿವು. ಕೋರ್ಟಿಗೆ ಸಾಕ್ಷ್ಯ ಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಮೂಲಕ ಪರಸ್ಪರ ಕಾನೂನು ನೆರವಿನ ಕೋರಿಕೆ ಹೋಗಬೇಕು, ಅಥವಾ ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸುಗಳ ವಿಧಾನ ಹೇಳುವ ಕಾಯ್ದೆ) ಕಲಂ 112ರಡಿ ಕೋರ್ಟಿನಿಂದ ಆ ದೇಶಕ್ಕೆ ಕೋರಿಕೆ ಪತ್ರ ಹೊರಡಬೇಕು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಆರೋಪಿಯ ಆನ್‌ಲೈನ್ ಖಾತೆಯ ಸರ್ವರ್ ಲಾಗ್ (ಬಳಕೆಯ ದಾಖಲೆ) ಅಳಿಸಿಹೋಗಿರುತ್ತದೆ. ಆದ್ದರಿಂದ ಡೇಟಾ ಕಾಯ್ದಿಡಿ ಎಂಬ ಕೋರಿಕೆ ಮೊದಲ ದಿನವೇ ಹೋಗಲಿ. "ಎಲ್ಲ ಚಾಟ್ ಕೊಡಿ" ಎಂದು ಬರೆದರೆ ವಾಪಸು ಬರುತ್ತದೆ. ಯಾವ ಖಾತೆ, ಯಾವ ದಿನದಿಂದ ಯಾವ ದಿನದವರೆಗೆ, ಆ ಖಾತೆಗೂ ಅಪರಾಧಕ್ಕೂ ಏನು ಸಂಬಂಧ ಎಂದು ಬಿಡಿಸಿ ಬರೆಯಬೇಕು. ಆರೋಪಿಗೆ ಹಿಂದೆ ಶಿಕ್ಷೆಯಾಗಿದ್ದರೆ ಕಲಂ 31ಎ ನೋಡಿ: ಅದರಲ್ಲಿ ಮರಣದಂಡನೆಗೆ ಅವಕಾಶವಿರುವುದರಿಂದ ನೆರವು ಕೊಡುವ ಮೊದಲು ಯುರೋಪಿನ ದೇಶಗಳು ಆ ಶಿಕ್ಷೆ ಕೊಡುವುದಿಲ್ಲ ಎಂಬ ಭರವಸೆ ಕೇಳಬಹುದು.