ಬೆರಗಾಗಿಸಿದ ಸಿನಿಮಾ, ಕೈಕೊಟ್ಟ ಸಿನಿಮಾ: ಎಲ್ಲಿ, ಯಾಕ ಅಂತ ಬರೀರಿ

ತೊಗರಿಕಣಜ, ಕಲಬುರಗಿ:

ಸ್ಟಾರ್ ಅಭಿಮಾನ ಬಾಗಿಲ ಹೊರಗ ಬಿಟ್ಟು ಬರ್ರಿ. "ಫಸ್ಟ್ ಹಾಫ್ ಮಸ್ತ್, ಸೆಕೆಂಡ್ ಹಾಫ್ ಬೋರ್" ಅನ್ನೋದು ಉತ್ತರ ಅಲ್ಲ, ಅದು ಯಾವ ಪಿಚ್ಚರಿಗೆ ಬೇಕಾದ್ರೂ ಹೊಂದತದ. ಆಸೆ ಇಟ್ಕೊಳ್ದೆ ಕುಂತಾಗ ಬೆರಗಾಗಿಸಿದ್ದು ಯಾವುದು, ಆಸೆ ಇಟ್ಟು ಹೋದಾಗ ಕೈಕೊಟ್ಟಿದ್ದು ಯಾವುದು, ಯಾವ ದೃಶ್ಯದಿಂದ ಹಳಿ ತಪ್ಪಿತು, ಯಾಕ ತಪ್ಪಿತು, ಇಷ್ಟು ಬರೀರಿ. ಕನ್ನಡದ್ದೇ ಆಗಬೇಕಂತಿಲ್ಲ, ನಮ್ ಕಡಿ ತೆಲುಗು, ಮರಾಠಿ, ಹಿಂದಿ ಎಲ್ಲಾ ನಡೀತಾವ. ಕಥಿ ಕೊನಿ ಹೇಳೋದಿದ್ರ ಮೊದಲೇ ಎಚ್ಚರಿಸ್ರಿ.

ನಾನೇ ಸುರು ಮಾಡ್ತೀನಿ. ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ', 2023. ಎರಡು ಭಾಗದ ಪಿಚ್ಚರ್: ಸೈಡ್ ಎ ಬೆರಗು, ಎರಡೂವರೆ ತಿಂಗಳಿಗೆ ಬಂದ ಸೈಡ್ ಬಿ ನಿರಾಸೆ. ಎ ಒಳಗ ನಾಯಕ ಮನುಗೆ ಬೇಕಾದ್ದು ಒಂದೇ, ಅದಕ್ಕ ಅಡ್ಡ ಇರೋದೂ ಒಂದೇ. ಮನಿ ಮಾಡಲಿಕ್ಕೆ ರೊಕ್ಕ ಬೇಕು, ಸಾಹುಕಾರನ ಮಗ ಮಾಡಿದ ಅಪಘಾತ ತನ್ನ ತಲಿ ಮ್ಯಾಲ ಹಾಕ್ಕೋತಾನ, ಬಿಡಿಸ್ತೀನಿ ಅಂದ ಸಾಹುಕಾರ ಸಾಯ್ತಾನ. ಅಲ್ಲಿಂದ ಮುಂದ ಪ್ರತಿ ದೃಶ್ಯಕ್ಕೂ ಜೇಲಿನ ಗ್ವಾಡಿ ಅಡ್ಡ. ಅವನ ಹುಡುಗಿ ಪ್ರಿಯಾ ಭೇಟಿಗೆ ಬಂದಾಗ ಇಬ್ಬರೂ ಏನು ಹೇಳಲಿಲ್ಲ ಅನ್ನೋದೇ ಎದಿಗಿ ಕುಂದರ್ತದ.

ಬಿ ಒಳಗ ಆ ಗ್ವಾಡಿ ಇಲ್ಲ. ಮನು ಹೊರಗ ಬಂದು ದೂರ ನಿಂತು ಆಕಿನ್ನ ನೋಡ್ತಾನ, ಹಿಂಬಾಲಿಸ್ತಾನ; ಆಕಿ ಸಿಕ್ಕರ ಏನು, ಸಿಗದಿದ್ರ ಏನು ಅನ್ನೋದು ಭಾಳ ಹೊತ್ತು ತಿಳಿಯಂಗಿಲ್ಲ. ಹೊರಗ ಬಂದ ಮ್ಯಾಲ ಮನುಗೆ ಸಿಗುವ ಸುರಭಿ ಪಾತ್ರಕ್ಕ ಚೈತ್ರಾ ಆಚಾರ್ ಜೀವ ತುಂಬ್ಯಾರ, ಕಥಿ ಮಾತ್ರ ಆಕಿನ್ನ ಪ್ರಿಯಾಳ ನೆರಳಾಗೇ ದುಡಿಸ್ತದ. ಎ ನೀಲಿ, ಬಿ ಕೆಂಪು ಅಂತ ಬಣ್ಣ ಹಚ್ಚಿದ್ದು ಕಣ್ಣಿಗೆ ಛಲೋ ಅದ, ಆದ್ರ ಬಣ್ಣ ಬದಲಾದ್ರ ಕಥಿಗಿ ಹೊಸ ಕಾರಣ ಹುಟ್ಟಂಗಿಲ್ಲ.

ಭೀಮಾತೀರ, ಯಾದಗಿರಿ:

ಅರ್ಧ ಒಪ್ತೀನಿ ಅಣ್ಣಾ. ಮನುಗೆ ಗುರಿ ಇಲ್ಲದಿರುವುದೇ ಸೈಡ್ ಬಿ ವಿಷಯ. ವರ್ಷಗಟ್ಟಲೆ ಒಳಗಿದ್ದವನಿಗೆ ಹೊರಗೆ ಬಂದ ಮೇಲೆ ಏನು ಬೇಕು ಅಂತ ಅವನಿಗೇ ಗೊತ್ತಿರಲ್ಲ. ಕೆಡಿಸಿದ್ದು ಜೈಲಿನಲ್ಲಿ ಎದುರಾದ ರೌಡಿ ಸೋಮನ ಹಗೆಯ ಎಳೆ. ಒಳಗೊಳಗೇ ಬೇಯುವ ಕಥೆಗೆ ಹೊಡೆದಾಟ ಜೋಡಿಸಿದಾಗ ಎರಡೂ ಅರ್ಧಂಬರ್ಧ ಉಳಿದವು.

ನನ್ನ ಉದಾಹರಣೆ ನಾಗರಾಜ ಮಂಜುಳೆ ಅವರ ಮರಾಠಿ 'ಸೈರಾಟ್', 2016. ಕೊನೆ ಹೇಳ್ತಾ ಇದೀನಿ, ನೋಡದವರು ಮುಂದಿನ ಉತ್ತರಕ್ಕೆ ಹೋಗಿ.

ಮೂರು ತಾಸಿಗೆ ಆರು ನಿಮಿಷ ಕಡಿಮೆ ಇರುವ ಸಿನಿಮಾ. ಅಜಯ್-ಅತುಲ್ ಅವರ ನಾಲ್ಕೂ ಹಾಡು ಮೊದಲರ್ಧದಲ್ಲೇ ಖರ್ಚಾಗುತ್ತವೆ. ಸ್ಲೋ ಮೋಷನ್, ದೊಡ್ಡ ಆರ್ಕೆಸ್ಟ್ರಾ, ಬುಲೆಟ್ ಮೇಲೆ ನಾಯಕಿ ಆರ್ಚಿ. ಅಲ್ಲಿಯವರೆಗೆ ಇದು ಹತ್ತು ಪ್ರೇಮಕಥೆಗಳಲ್ಲಿ ಒಂದು ಅಂತಲೇ ನಂಬಿಸುತ್ತಾರೆ. ಜೋಡಿ ಹೈದರಾಬಾದಿಗೆ ಓಡಿಬಂದ ಮೇಲೆ ಹಾಡು ಬಂದ್. ಭಾಷೆ ಬರಲ್ಲ, ಜೋಪಡಿ, ದೋಸೆ ಗಾಡಿ, ಕಾರ್ಖಾನೆ ಕೂಲಿ, ಅನುಮಾನ, ಜಗಳ. ಬೇರೆಯವರು ಒಂದು ಹಾಡಿನಲ್ಲಿ ಮುಗಿಸುವ ಸಂಸಾರಕ್ಕೆ ಇಲ್ಲಿ ಹೆಚ್ಚುಕಡಿಮೆ ಒಂದು ತಾಸು ಕೊಟ್ಟಿದ್ದಾರೆ. ಅವರ ಬದುಕು ಒಂದು ದಾರಿಗೆ ಬಂತು ಅಂತ ನಾವು ನಂಬುವಷ್ಟು ಹೊತ್ತು ಅದು. ಅದಕ್ಕೇ ಕೊನೆಯಲ್ಲಿ ಮಗುವಿನ ರಕ್ತದ ಹೆಜ್ಜೆ ಕಾಣುವಾಗ ಯಾವ ಸಂಗೀತವೂ ಬೇಕಾಗಲ್ಲ. ಸದ್ದನ್ನೆಲ್ಲ ಮೊದಲೇ ಖರ್ಚು ಮಾಡಿ, ಕೊನೆಗೆ ನಿಶ್ಶಬ್ದವನ್ನು ಉಳಿಸಿಕೊಂಡಿದ್ದರು.

ನಿರಾಸೆ ಇದರ ರೀಮೇಕ್‌ಗಳದ್ದು. 2018ರ ಹಿಂದಿ 'ಧಡಕ್' ಉದ್ದ ಕತ್ತರಿಸಿತು, ಜಾತಿಯ ಮಾತನ್ನು ತೆಳ್ಳಗೆ ಮಾಡಿತು, ಕೊನೆಯನ್ನೂ ಬದಲಿಸಿತು. ಕತ್ತರಿ ಬಿದ್ದಿದ್ದು ಓಡಿಬಂದ ನಂತರದ ಸಂಸಾರಕ್ಕೆ, ಹಾಗಾಗಿ ಕೊನೆಯಲ್ಲಿ ಬೆಚ್ಚಿ ಬೀಳ್ತೀವಿ, ಮೈ ಮರಗಟ್ಟಲ್ಲ. ಕನ್ನಡದ 'ಮನಸು ಮಲ್ಲಿಗೆ'ಯಲ್ಲಿ (2017) ಮೂಲದ ನಾಯಕಿ ರಿಂಕು ರಾಜಗುರು ಅವರೇ ಇದ್ದರೂ ದೃಶ್ಯಗಳು ಬಂದವು, ಊರು ಬರಲಿಲ್ಲ. ಮೂಲದ ಕರ್ಮಾಳಾ ಇರುವುದು ಸೊಲ್ಲಾಪುರ ಜಿಲ್ಲೆಯಲ್ಲಿ. ಕಬ್ಬು, ಸಕ್ಕರೆಯ ರಾಜಕಾರಣ, ಗೌಡಕಿ ಎಲ್ಲ ಆಳಂದ, ಭಾಲ್ಕಿಯವರಿಗೆ ಬಿಡಿಸಿ ಹೇಳುವಂಥದ್ದಲ್ಲ. ಇಲ್ಲಿನ ಗಡಿಯ ಕನ್ನಡದಲ್ಲಿ ಅದನ್ನು ಮರಳಿ ಬರೆದಿದ್ದರೆ ಕಥೆ ಬೇರೆಯೇ ಆಗ್ತಿತ್ತು.

ಬಿದರಿಕುಸುರಿ, ಬೀದರ್:

ನಮ್ಮ ಜಿಲ್ಲಾದವರನ್ನ ಬಿಟ್ಟೇಬಿಟ್ರಲ್ಲ! ವೈಜನಾಥ ಬಿರಾದಾರ, ಭಾಲ್ಕಿ ಕಡಿಯವರು. ಸಣ್ಣ ಸಣ್ಣ ಹಾಸ್ಯ ಪಾತ್ರದಾಗ, ಕುಡುಕನಾಗಿ, ಭಿಕ್ಷುಕನಾಗಿ ನೋಡಿದ ಮುಖ. ಗಿರೀಶ ಕಾಸರವಳ್ಳಿಯವರು 'ಕನಸೆಂಬೋ ಕುದುರೆಯನೇರಿ' ಒಳಗ ಆ ಮುಖಾನೇ ಕುಣಿ ತೋಡುವ ಈರ್‍ಯಾ ಮಾಡ್ಯಾರ. ಅಮರೇಶ ನುಗಡೋಣಿಯವರ ಕಥಿ. ಈರ್‍ಯಾನ ಕನಸಿನಾಗ ಸಿದ್ಧ ಬಂದ್ರ ಊರಾಗ ಒಂದು ಸಾವು ಖಾತ್ರಿ. ಒಂದಿನ ಕನಸು ಬೀಳತದ, ಗೌಡರ ವಾಡೇಕ್ಕ ಹೋಗಿ ಕೇಳ್ತಾನ, ಯಾರೂ ಸತ್ತಿಲ್ಲ ಅಂತಾರ. ಅವನ ನಂಬಿಕಿ ಒಡದು ಹೋಗತದ. ಆಮ್ಯಾಲ ಸಿನಿಮಾ ಹಿಂದಕ್ಕ ಹೋಗಿ ಅದೇ ಹೊತ್ತನ್ನ ವಾಡೇದ ಒಳಗಿಂದ ತೋರಸ್ತದ: ಸಾವು ಆಗ್ಯಾದ, ಒಳಗಿನವರು ಮುಚ್ಚಿಟ್ಟಾರ.

ಬೆರಗು ಇರೋದು ಇಲ್ಲಿ. ಮೊದಲ ಸಲ ಬಿರಾದಾರ ಅವರ ಮುಖ ನೋಡಿ ನಗು ಬರತದ, ಎರಡನೇ ಸಲ ಅದೇ ಬಾಗಿಲ, ಅದೇ ಕೈ ಮುಗಿದ ನಿಲುವು ನೋಡಿದಾಗ ಗಂಟಲು ಬಿಗಿತದ. ಅವರು ಏನೂ ಬದಲು ಮಾಡಿಲ್ಲ, ನಮಗ ಗೊತ್ತಿರೋದು ಬದಲಾಗ್ಯಾದ. ಜೋಡಿಗಿ ಉಮಾಶ್ರೀಯವರ ರುದ್ರಿ. ಈ ಪಾತ್ರಕ್ಕೇ ಸ್ಪೇನ್‌ನ ಚಿತ್ರೋತ್ಸವದಾಗ ಬಿರಾದಾರರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಇನ್ನೊಂದು, ಜೈಶಂಕರ್ ಆರ್ಯರ್ ಅವರ 'ಶಿವಮ್ಮ'. ಕೊಪ್ಪಳ ಜಿಲ್ಲಾ ಯರೇಹಂಚಿನಾಳದಾಗ ಅಲ್ಲಿನ ಮಂದೀನೇ ಇಟ್ಟು ತೆಗೆದದ್ದು, 2022ರಾಗ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ. ಬಿಸಿಯೂಟ ಮಾಡುವ ಹೆಣ್ಮಗಳು ಚೈನ್ ಮಾರ್ಕೆಟಿಂಗ್‌ನ ಶಕ್ತಿಪೇಯ ಮಾರಲಿಕ್ಕೆ ಹೊರಡ್ತಾಳ. ಆಕಿ ಮೋಸ ಹೋದಾಕಿ ಅಂತ ಅಳಸಂಗಿಲ್ಲ, ಮೋಸ ಮಾಡಿದಾಕಿ ಅಂತ ಬೈಯಂಗಿಲ್ಲ. ಒಂದೇ ತಕರಾರು: ಕ್ಯಾಮೆರಾ ಆಕಿ ಹಿಂದ ಹಿಂದ ನಡಕೋತ ಹೋಗೋದು ಮೊದಲ ಅರ್ಧ ತಾಸು ಹಿಡಸ್ತದ, ಆಮ್ಯಾಲ ಬ್ಯಾಸರ.

ನಿರಾಸೆಗೆ ಹೆಸರು ಹೇಳಂಗಿಲ್ಲ, ಭಾಳ ಅವ. ಬೆಂಗಳೂರಾಗ ಕುಂತು "ಉತ್ತರ ಕರ್ನಾಟಕ" ಅಂತ ಬರೆದು, ಹುಬ್ಬಳ್ಳಿ ಮಾತು ಬೀದರಿನವರ ಬಾಯಾಗ ಹಾಕಿ, ಎರಡು ಬೈಗುಳ ಸೇರಿಸಿ ಕೈ ತೊಳ್ಕೊಂಡ ಎಲ್ಲಾ ಸಿನಿಮಾ.

ಕತ್ತರಿಪ್ರಯೋಗ, ಕಲಬುರಗಿ:

ಊರಿನ ಹೆಸರು ಬಂತಲ್ಲ, 'ಕೆಜಿಎಫ್ ಚಾಪ್ಟರ್ 2' (2022) ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿ ಕಲಬುರಗಿಯವರೇ. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಆ ಸಿನಿಮಾದ ನನ್ನ ಬೆರಗು ಕಥೆಯಲ್ಲಿಲ್ಲ, ಕತ್ತರಿಯಲ್ಲಿದೆ. ಕಾರುಗಳ ಬೆನ್ನಟ್ಟುವ ದೃಶ್ಯದಲ್ಲಿ ಮಧ್ಯೆ ಮಧ್ಯೆ ಪರದೆ ಕಪ್ಪಾಗುತ್ತದೆ, ಕಣ್ಣಿಗೆ ಬಿಡುವು ಸಿಗುತ್ತದೆ, ಕಾಣದ ಹೊಡೆತವನ್ನು ಕಿವಿ ತುಂಬಿಕೊಳ್ಳುತ್ತದೆ. ದುಬಾರಿ ಶಾಟ್ ಕಡಿಮೆ ಇದ್ದರೂ ಹೊಡೆದಾಟ ದೊಡ್ಡದಾಗಿ ಕಾಣುವ ಉಪಾಯ ಇದು.

ನಿರಾಸೆ, ಅದನ್ನು ನೋಡಿ ಹುಟ್ಟಿದ ಸಾಲಿನದ್ದು. 'ಕಬ್ಜ' (2023) ಬೂದಿ ಬಣ್ಣ, ಚುಟುಕು ಶಾಟ್, ಕಥೆ ಹೇಳುವ ದನಿ ಎಲ್ಲ ತಂದಿತು. ಆದರೆ ಕಪ್ಪು ಪರದೆಗೆ ಮೊದಲು ನಾಯಕನಿಗೆ ಏನು ಬೇಕು ಅಂತ ಕೂರಿಸಿರಬೇಕು. ಅದಿಲ್ಲದೆ ಕತ್ತರಿಸಿದರೆ ಎರಡು ತಾಸಿನ ಟ್ರೇಲರ್ ಆಗುತ್ತದೆ. ಮೇಲಾಗಿ ಭಾಗ 2ಕ್ಕೆ ಕೊಂಡಿ ಹಾಕಿ ನಿಲ್ಲಿಸಿದರು. ಚಾಪ್ಟರ್ 1 ಹಾಗಲ್ಲ, ಖಳನಾಯಕ ಗರುಡನ ಸಾವಿನೊಂದಿಗೆ ಒಂದು ಕಥೆ ಮುಗಿಸಿಯೇ ಮುಂದಿನದಕ್ಕೆ ಬಾಗಿಲು ತೆರೆಯಿತು.

ಬೂತ್‌ಕಿಂಡಿ, ಶಹಾಬಾದ್:

ಎಲ್ಲಾರೂ ಸಿನಿಮಾಕ್ಕೇ ಬೈಯ್ಲತ್ತೀರಿ. ಅರ್ಧ ನಿರಾಸೆ ಥೇಟರಿನದು ಇರತದ, ಅದನ್ನ ಮೊದಲು ಬ್ಯಾರೆ ಮಾಡ್ರಿ.

ಸೌಂಡ್ ಪ್ರೊಸೆಸರ್‌ನ ಫೇಡರ್ (ಸದ್ದು ಏರಸೋ ಇಳಸೋ ಗುಂಡಿ) 7ಕ್ಕ ಇಟ್ಟಾಗ ಹೆಂಗ ಕೇಳತದೋ ಹಂಗ ಮಿಕ್ಸ್ ಮಾಡಿರ್ತಾರ. ಜಾಹೀರಾತು, ಟ್ರೇಲರ್ ಕಿವಿ ಹರೀತಾವ ಅಂತ ಮಂದಿ ತಕರಾರು ಮಾಡಿದ್ರ ಆಪರೇಟರ್ 4ಕ್ಕೋ 5ಕ್ಕೋ ಇಳಸ್ತಾನ, ಪಿಚ್ಚರ್ ಸುರು ಆದ ಮ್ಯಾಲ ಏರಸೋದು ಮರೀತಾನ. 7ರಿಂದ 4ಕ್ಕ ಅಂದ್ರ 10 ಡೆಸಿಬೆಲ್ ಕಡಿಮಿ, ಕಿವಿಗಿ ಹೆಚ್ಚುಕಡಿಮಿ ಅರ್ಧ. ಹೊಡೆದಾಟದ ಪಿಚ್ಚರಿಗೆ ಅಷ್ಟು ಗೊತ್ತಾಗಂಗಿಲ್ಲ. ಸೈಡ್ ಎ ಅಂಥದ್ರಾಗ ಪಿಸುಮಾತೆಲ್ಲ ಫ್ಯಾನಿನ ಸಪ್ಪಳದಾಗ ಹೋಗಿಬಿಡತದ, ಹೊರಗ ಬಂದವರು "ಭಾಳ ಸ್ಲೋ" ಅಂತಾರ. ಹಾಡು ಜೋರು, ಮಾತಷ್ಟೇ ಮಬ್ಬು ಅಂದ್ರ ಫೇಡರ್ ಅಲ್ಲ, ಪರದೆ ನಡುವಿನ ಸ್ಪೀಕರಿನ ದೋಷ. ಮಾತು ಬರೋದೇ ಅಲ್ಲಿಂದ.

ಬೆಳಕು: 2ಡಿ ಪಿಚ್ಚರಿಗೆ ಖಾಲಿ ಪರದೆ ಮ್ಯಾಲ 14 ಫೂಟ್-ಲ್ಯಾಂಬರ್ಟ್ (ಪರದೆ ಬೆಳಕಿನ ಅಳತಿ) ಇರಬೇಕು. ಹಳೇ ಝೆನಾನ್ ಲ್ಯಾಂಪ್ ಉಳಿಸಿ ಉಳಿಸಿ ಓಡಿಸಿದ್ರ, ಇಲ್ಲಾ 3ಡಿ ಫಿಲ್ಟರ್ ತೆಗೀಲಾರ್ದೆ ಬಿಟ್ಟಿದ್ರ, ಅರ್ಧಕ್ಕಿಂತ ಕಡಿಮಿ ಬರತದ. ಕೆಜಿಎಫ್‌ನಂಥ ಕಪ್ಪು ಪಿಚ್ಚರ್ ಆಗ ಬರೀ ಕೆಸರು. ಕತ್ತಲ ದೃಶ್ಯದಾಗ ಕೂದಲು ಮತ್ತ ಹಿಂದಿನ ಗ್ವಾಡಿ ಬ್ಯಾರೆ ಬ್ಯಾರೆ ಕಾಣದಿದ್ರ ಇಂಟರ್ವಲ್ ಕಾಯಬ್ಯಾಡ್ರಿ, ಎದ್ದು ಹೋಗಿ ಮ್ಯಾನೇಜರಿಗೆ ಹೇಳ್ರಿ.

ತೊಗರಿಕಣಜ, ಕಲಬುರಗಿ:

ಇದು ಕೆಲಸದ ಮಾತು. ಮನ್ಯಾಗ ಟಿವಿ ಮ್ಯಾಲ ನೋಡುವಾಗ ಏನು ಮಾಡಬೇಕು ಅಣ್ಣಾರ? ಮಾತು ಕೇಳಂಗಿಲ್ಲ, ಹಾಡು ಬಂದ್ರ ಓಣಿ ಎಲ್ಲಾ ಎದ್ದೇಳತದ.

ಬೂತ್‌ಕಿಂಡಿ, ಶಹಾಬಾದ್:

ಆ್ಯಪಿನ ಆಡಿಯೋದಾಗ 5.1 (ಆರು ಸ್ಪೀಕರಿನ ಸದ್ದು) ಬಿಟ್ಟು ಸ್ಟೀರಿಯೋ ಆರಿಸ್ರಿ. ಎರಡೇ ಸ್ಪೀಕರ್ ಇರೋ ಟಿವಿಗೆ 5.1 ಕೊಟ್ರ ನಡುವಿನ ಮಾತು ಕೆಲವು ಸೆಟ್‌ನಾಗ ಸಣ್ಣದಾಗತದ. ಟಿವಿಯ ಸೌಂಡ್ ಸೆಟ್ಟಿಂಗಿನಾಗ ನೈಟ್ ಮೋಡ್ ಇದ್ರ ಹಾಕ್ರಿ, ಜೋರಿನದು ತಗ್ಗಿ ಮೆಲ್ಲಂದು ಏರತದ. ಚಿತ್ರಕ್ಕ ಸಿನಿಮಾ ಮೋಡ್, ಮತ್ತ ಮೋಷನ್ ಸ್ಮೂಥಿಂಗ್ ಬಂದ್. ಸೆಕೆಂಡಿಗೆ 24 ಫ್ರೇಮಿನ ಪಿಚ್ಚರಿಗೆ ಟಿವಿ ತನ್ನ ಫ್ರೇಮ್ ಸೇರಿಸಿದ್ರ ಎಂಥಾ ಸಿನಿಮಾನೂ ಧಾರಾವಾಹಿ ಕಂಡಂಗ ಕಾಣತದ.

ಭೀಮಾತೀರ, ಯಾದಗಿರಿ:

ಧಾರಾವಾಹಿಯಂಗೆ ಯಾಕೆ ಕಾಣ್ತಿತ್ತು ಅಂತ ಈಗ ತಿಳೀತು. ಬಿದರಿಕುಸುರಿ ಅಕ್ಕಾರ, ಹೆಸರು ಹೇಳಲ್ಲ ಅಂದ್ರಿ, ಒಂದಾದರೂ ಹೇಳ್ರಿ.

ಬಿದರಿಕುಸುರಿ, ಬೀದರ್:

ಬ್ಯಾಡ ತಮ್ಮಾ, ಅದಕ್ಕ ಬ್ಯಾರೆ ಚರ್ಚೆನೇ ಸುರು ಮಾಡಬೇಕಾಗತದ. ಬದಲಿಗೆ ತೆಲುಗಿನ 'ಬಲಗಂ' (2023) ನೋಡು. ಅಜ್ಜ ಸತ್ತ ಮ್ಯಾಲ ಕಾಗಿ ಪಿಂಡ ಮುಟ್ಟಂಗಿಲ್ಲ, ಅಷ್ಟರ ಮ್ಯಾಲೇ ಇಡೀ ಮನಿ ಜಗಳ ಹೊರಗ ಬರತದ. ನಮ್ಮ 'ತಿಥಿ' ಜೋಡಿ ಇಟ್ಟು ನೋಡಿದ್ರ ಇನ್ನೂ ಛಲೋ: ಅಲ್ಲೂ ಅಜ್ಜನ ಸಾವು, ಹನ್ನೊಂದು ದಿನ. ಒಂದು ಕೊನಿಗೆ ಅಳಸ್ತದ, ಇನ್ನೊಂದು ಸುಮ್ನ ಬೀಡಿ ಸೇದಕೋತ ಎದ್ದು ಹೋಗತದ.