ಹಕ್ಕಿಜ್ವರದ ಆದೇಶಕ್ಕೆ ಫಾರಂ, ಅಂಗಡಿ ಮುಚ್ಚಿದರೆ ಪರಿಹಾರ ಯಾವುದಕ್ಕೆ ಸಿಗುತ್ತೆ?

ಮೊಟ್ಟೆಟ್ರೇ: ಲೇಯರ್ ಫಾರಂ, 10,000 ಕೋಳಿ, ಈಗ ಮೊಟ್ಟೆ ಇಡ್ತಿರೋ ಬ್ಯಾಚ್. ತಮ್ಮನ ಫಾರಂ ಇಲ್ಲಿಂದ 6 ಕಿ.ಮೀ. ದೂರ, ಪೇಟೆಯಲ್ಲಿ ನಮ್ಮದೇ ಒಂದು ಚಿಕನ್ ಅಂಗಡಿ. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಆದ ಹಾಗೆ ನಮ್ಮೂರಲ್ಲೂ ದೃಢಪಟ್ಟರೆ ಈ ಮೂರರಲ್ಲಿ ಯಾವುದಕ್ಕೆ ದುಡ್ಡು ಬರುತ್ತೆ? ಶೆಡ್ ಖಾಲಿ ಬಿದ್ದ ತಿಂಗಳುಗಳ ಆದಾಯಕ್ಕೆ ಏನಾದರೂ ಇದೆಯಾ?

ಶೆಡ್ ನಂ. 4: ಆದಾಯಕ್ಕೆ ಏನೂ ಇಲ್ಲ. ಸರ್ಕಾರ ಕೊಡೋದು ತಾನೇ ನಾಶ ಮಾಡಿಸಿದ ಹಕ್ಕಿ, ಮೊಟ್ಟೆ, ಫೀಡಿಗೆ ಮಾತ್ರ. ಅರ್ಧ ಕೇಂದ್ರ, ಅರ್ಧ ರಾಜ್ಯ. ರೋಗ ಸಿಕ್ಕ ಜಾಗದಿಂದ ಸುತ್ತ 1 ಕಿ.ಮೀ. ದೂರದವರೆಗೆ ಸೋಂಕಿತ ವಲಯ, ಅಲ್ಲಿ ಕಲ್ಲಿಂಗ್, ಅಂದರೆ ಕೋಳಿಗಳನ್ನೆಲ್ಲ ಕೊಲ್ಲೋದು. ಅಲ್ಲಿಂದಾಚೆ 10 ಕಿ.ಮೀ. ತನಕ ನಿಗಾ ವಲಯ. ಅಲ್ಲಿ ಕೋಳಿ ಕೊಲ್ಲಲ್ಲ, ಸಾಗಾಟ ಮಾತ್ರ ನಿಲ್ಲಿಸ್ತಾರೆ. ಹಾಗಾಗಿ ನಿಮ್ಮ ತಮ್ಮನಿಗೆ ಒಂದು ರೂಪಾಯಿಯೂ ಬರಲ್ಲ, ಅಂಗಡಿಗೂ ಇಲ್ಲ. ನನ್ನ ಕೇಳಿದರೆ ಹೆಚ್ಚು ಪೆಟ್ಟು ತಿನ್ನೋರು ಇವರೇ. ಕೋಳಿ ಬದುಕಿರುತ್ತೆ, ದಿನಾ ತಿನ್ನುತ್ತೆ, ಮೊಟ್ಟೆ ಮಾತ್ರ ಹೊರಗೆ ಹೋಗಲ್ಲ.

ಕೇಂದ್ರದ ಕ್ರಿಯಾಯೋಜನೆಯ ದರ 2021ರ ಸುಮಾರಿಗೆ ಹೀಗಿತ್ತು: ಲೇಯರ್ ಮರಿ 20, ದೊಡ್ಡ ಲೇಯರ್ 90, ಬ್ರಾಯ್ಲರ್ ಮರಿ 20, ದೊಡ್ಡದು 70, ಮೊಟ್ಟೆ 3 ರೂಪಾಯಿ, ಫೀಡ್ ಕಿಲೋಗೆ 12. ದರ ಆಗಾಗ ಪರಿಷ್ಕರಣೆ ಆಗುತ್ತೆ, ಪಶುಸಂಗೋಪನಾ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ಚಾಲ್ತಿ ಆದೇಶದ ಪ್ರತಿ ಕೇಳಿ. ಪುಲ್ಲೆಟ್ (ಇನ್ನೂ ಮೊಟ್ಟೆ ಇಡದ ಎಳೆ ಕೋಳಿ) ಸಾಕಿ ಮೊಟ್ಟೆಗೆ ತರೋ ಖರ್ಚು ಈ 90ರ ಎಷ್ಟು ಪಟ್ಟು ಅಂತ ನಿಮಗೇ ಗೊತ್ತು.

ಮಹಜರು: ದುಡ್ಡು ಕೈತಪ್ಪೋದು ದರದಲ್ಲಷ್ಟೇ ಅಲ್ಲ, ಎಣಿಕೆಯಲ್ಲೂ. ತಂಡ ಬರೋ ಮೊದಲೇ ಸತ್ತ ಕೋಳಿ ಲೆಕ್ಕಕ್ಕಿಲ್ಲ. ದೃಢೀಕರಣ ಭೋಪಾಲ್ ಲ್ಯಾಬಿಂದಲೇ ಬರಬೇಕು, ಅಷ್ಟರಲ್ಲಿ ಶೆಡ್ಡಲ್ಲಿ ಸಾವು ಏರ್ತಾ ಇರುತ್ತೆ. 90ರ ದರದಲ್ಲಿ 10,000ಕ್ಕೆ 9 ಲಕ್ಷ. 1,500 ಮೊದಲೇ ಸತ್ತಿದ್ದರೆ 7.65 ಲಕ್ಷ. "ಎರಡು ದಿನ ನೋಡೋಣ, ರಾಣಿಖೇತ್ ರೋಗ ಇರಬಹುದು" ಅಂತ ಕೂತರೆ ಕಳಕೊಳ್ಳೋದು ಇದನ್ನೇ. ಸಾವು ಏರಿದ ದಿನವೇ ಪಶುವೈದ್ಯಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಶೆಡ್‌ವಾರು ರಿಜಿಸ್ಟರ್ ದಿನಾ ಬರೀರಿ: ಆರಂಭದ ಸಂಖ್ಯೆ, ಸತ್ತಿದ್ದು, ಉಳಿದಿದ್ದು, ಮೊಟ್ಟೆ, ಫೀಡ್. ಮರಿ ಕೊಂಡ ಬಿಲ್ ಜೊತೆಗಿರಲಿ. ಕಲ್ಲಿಂಗ್ ದಿನ ಪಿಪಿಇ ಹಾಕಿಕೊಂಡ ತಂಡ ಚೀಲಕ್ಕೆ ತುಂಬುವಾಗ ಎಣಿಕೆ ಹಾರಿಹೋಗುತ್ತೆ. ಚೀಲಕ್ಕೆ ಎಷ್ಟು ಅಂತ ಮೊದಲೇ ಒಪ್ಪಿಸಿ, ಚೀಲ ಎಣಿಸಿ. 2 ಮೀಟರ್ ಉದ್ದ, ಅಗಲ, ಆಳದ ಗುಂಡಿಗೆ ಸುಮಾರು 1,800 ಕೋಳಿ ಹಿಡಿಯುತ್ತೆ, ಗುಂಡಿ ಲೆಕ್ಕದಿಂದಲೂ ತಾಳೆ ನೋಡಬಹುದು. ಮಹಜರಿಗೆ ಸಹಿ ಹಾಕೋ ಮುಂಚೆ ಮೊಟ್ಟೆ, ಫೀಡ್ ಕಲಂ ಖಾಲಿ ಇದೆಯಾ ನೋಡಿ. ಹೆಚ್ಚಿನವರು ಕೋಳಿ ಸಂಖ್ಯೆ ಮಾತ್ರ ನೋಡಿ ಸಹಿ ಹಾಕಿಬಿಡ್ತಾರೆ. ಮೂರು ದಿನದ ಮೊಟ್ಟೆ ಉಳಿದಿದ್ದರೆ 27,000 ಅಂದುಕೊಳ್ಳಿ, ಅದೇ 81,000 ರೂಪಾಯಿ. ಟ್ರೇ, ಗೊಬ್ಬರ, ಔಷಧಿಗೆ ಏನೂ ಬರಲ್ಲ.

ಮೊಟ್ಟೆಟ್ರೇ: ಫೀಡ್ ಸೈಲೋದಲ್ಲಿದೆ, ಚೀಲದಲ್ಲಿಲ್ಲ. ತೂಕ ಹೇಗೆ ತೋರಿಸೋದು? ಶೆಡ್ ಎಷ್ಟು ದಿನ ಖಾಲಿ? ಕೋರ್ಟಿಗೆ ಹೋದರೆ ಆದಾಯ ನಷ್ಟ ಸಿಗಬಹುದಾ?

ಮಹಜರು: ಕೊನೆಯ ಲೋಡಿನ ವೇಬ್ರಿಡ್ಜ್ ಚೀಟಿ ತೋರಿಸಿ, ಅಲ್ಲಿಂದ ದಿನಕ್ಕೆ ಕೋಳಿಗೆ 110 ಗ್ರಾಂನಂತೆ ಕಳೆಯಿರಿ. 10,000ಕ್ಕೆ ದಿನಕ್ಕೆ 1,100 ಕಿಲೋ. ಶೆಡ್ ಶುಚಿ ಮಾಡಿ ಸೋಂಕು ತೆಗೆದಿದ್ದಕ್ಕೆ ಸ್ಯಾನಿಟೈಸೇಷನ್ ಪ್ರಮಾಣಪತ್ರ ಕೊಟ್ಟ ದಿನದಿಂದ ಮೂರು ತಿಂಗಳು ನಿಗಾ ಅವಧಿ. ಅದಕ್ಕೇ ಕ್ಲೀನಿಂಗ್ ತಡ ಮಾಡಬೇಡಿ, ಪ್ರಮಾಣಪತ್ರ ಒಂದು ವಾರ ತಡವಾದರೆ ಮರಿಯೂ ಒಂದು ವಾರ ತಡ.

ಕೋರ್ಟಿನ ಮಾತು: ಮಂಜೂರಾಗಬೇಕಾದ ಪರಿಹಾರ ಕೊಡದೆ ಕೂತಿದ್ದರೆ ಹೈಕೋರ್ಟಲ್ಲಿ ರಿಟ್ ಹಾಕೋದಕ್ಕೆ ಅರ್ಥವಿದೆ. ವ್ಯಾಪಾರ ನಿಂತ ನಷ್ಟಕ್ಕೆ ದಾರಿ ಕಷ್ಟ. ಸಂವಿಧಾನದ 300ಎ ವಿಧಿ ಆಸ್ತಿ ಕಸಿದುಕೊಳ್ಳೋದರ ಬಗ್ಗೆ, ವ್ಯಾಪಾರ ನಿಲ್ಲಿಸಿದ್ದನ್ನು ಸಾರ್ವಜನಿಕ ಹಿತಕ್ಕೆ ವ್ಯಾಪಾರದ ಹಕ್ಕಿನ ಮೇಲೆ ಹಾಕಿದ 19(6)ರ ನಿರ್ಬಂಧ ಅಂತಲೇ ಸರ್ಕಾರ ವಾದಿಸುತ್ತೆ.

ಶೆಡ್ ನಂ. 4: ವಿಮೆ ಇದೆ ಅಂತ ಧೈರ್ಯವಾಗಿರಬೇಡಿ. ಬೇಕಂತಲೇ ಕೊಂದ ಹಕ್ಕಿಗೆ ಕ್ಲೇಮ್ ಇಲ್ಲ ಅನ್ನೋ ಷರತ್ತು ಪಾಲಿಸಿಯಲ್ಲಿ ಇರುತ್ತೆ, ಸರ್ಕಾರಿ ಆದೇಶ ಅದರೊಳಗೆ ಬರುತ್ತಾ ಅಂತ ಈಗಲೇ ಬರೆಸಿಕೊಳ್ಳಿ. ಸಾಲದ ವಿಷಯ ಬೇರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂದಾಗ ಕೋಳಿ ಸಾಲಗಳನ್ನು ಮರುಹೊಂದಿಸೋಕೆ ರಿಸರ್ವ್ ಬ್ಯಾಂಕ್ ಹೇಳಿತ್ತು, ಕೇಂದ್ರ ಬಡ್ಡಿಯಲ್ಲಿ ಶೇ. 4 ಹೊತ್ತಿತ್ತು. ಅದು ಆ ಸಲಕ್ಕೆ ಮಾತ್ರ. ಈಗ ನೀವೇ ಆದೇಶದ ಪ್ರತಿ, ಮಹಜರು ಲಗತ್ತಿಸಿ ಬ್ಯಾಂಕಿಗೆ ಅರ್ಜಿ ಕೊಡಬೇಕು, ಅದೂ ಕಂತು ತಪ್ಪೋ ಮುಂಚೆ. ಖಾತೆ ಎನ್‌ಪಿಎ (ಕಂತು ಕಟ್ಟದೆ ಕೆಟ್ಟ ಸಾಲ) ಆದಮೇಲೆ ಮ್ಯಾನೇಜರ್ ಕೈಯಲ್ಲಿ ಹೆಚ್ಚೇನೂ ಇರಲ್ಲ. ತಮ್ಮನ ಫಾರಮ್ಮಿಗೂ ಇದೊಂದೇ ದಾರಿ. ಅವರ ಹತ್ತಿರ ಮಹಜರು ಇರಲ್ಲ, ಜಿಲ್ಲಾಧಿಕಾರಿಗಳ ನಿಗಾ ವಲಯದ ಆದೇಶದಲ್ಲಿ ಊರಿನ ಹೆಸರಿದ್ದರೆ ಅದನ್ನೇ ಕೊಡಲಿ.