ಖಡೇ ಬಜಾರದ ಅಂಗಡಿ ಬೋರ್ಡ್: 60% ಕನ್ನಡ, ಅಳತಿ ಹ್ಯಾಂಗ್ರಿ?

ಪ್ರಶ್ನೆ: ಬೆಳಗಾವಿ ಖಡೇ ಬಜಾರದಾಗ ಬಟ್ಟಿ ಅಂಗಡಿ. ಬೋರ್ಡ್ 10 ಅಡಿ ಅಗಲ, 3 ಅಡಿ ಎತ್ತರ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕು. ಜಾಗ ಹ್ಯಾಂಗ ಹಂಚೂದ್ರಿ?

ಉತ್ತರ 1: ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಾಗ 60% ಕನ್ನಡ, ಅದೂ ಮ್ಯಾಲಿನ ಭಾಗದಾಗ. 36 ಇಂಚಿನಾಗ ಮ್ಯಾಲಿನ 22 ಕನ್ನಡಕ್ಕ ಬಿಡ್ರಿ, ಉಳಿದ 14ರಾಗ ಎರಡೂ ಭಾಷಾ ಕೂಡ್ತಾವ. ಕೆಳಗ ಸಣ್ಣ ಕನ್ನಡ ಪಟ್ಟಿ ಅಂಟಿಸಿ ಕೈ ತೊಳ್ಕೊಂಡ್ರ ನಡಿಯಂಗಿಲ್ಲ.

ಉತ್ತರ 2: ಲೆಕ್ಕ ಬರೋಬ್ಬರಿ. ಖರೇ ತ್ರಾಸ ಡಿಸೈನದಾಗ. ಇಂಗ್ಲಿಷ್ ಅಂದಾಜಿನಾಗ ಸಾಲು ಒತ್ತಿ ಇಡ್ತಾರ, ‘ವಸ್ತ್ರ’ದ ಒತ್ತು ಕೆಳಗಿನ ಸಾಲಿಗೆ ಬಡೀತೈತಿ. ಪ್ರಿಂಟಿಗಿಂತ ಮೊದಲ ಪ್ರೂಫ್ ನೋಡ್ರಿ.

ಪ್ರಶ್ನೆ ಕೇಳಿದವರು: ಫ್ಲೆಕ್ಸ್ ಸಾಕಾಗತೈತೇನ್ರಿ?

ಉತ್ತರ 2: ಬ್ಯಾಡ್ರಿ. ನಮ್ಮ ಮಳಿಗಾಳಿಗೆ ಮೂಲ್ಯಾಗ ಹರೀತೈತಿ. ಎಸಿಪಿ ಶೀಟ್ (ಅಲ್ಯುಮಿನಿಯಂ ಪದರಿನ ಗಟ್ಟಿ ಹಲಗಿ) ಹಾಕಸ್ರಿ.